ಅಮ್ಮನ ಜೊತೆ ಬೆಂಗಳೂರಿಗೆ: ಹುಬ್ಬಳ್ಳಿಯಿಂದ ಹಾರೋದಾ, ಗೋವಾದ ದಾಬೋಲಿಂನಿಂದಲಾ?

ಕೋಡಿಬಾಗದವಳು:
ನಮ್ಮದು ಕಾರವಾರದ ಕೋಡಿಬಾಗ. ಅಮ್ಮನಿಗೆ 71 ವರ್ಷ. ಎರಡು ತಿಂಗಳ ಹಿಂದೆ ಮಂಡಿ ಆಪರೇಷನ್ ಆಯಿತು. ಬೆಂಗಳೂರಲ್ಲಿ ತಂಗಿಯ ಹೆರಿಗೆ ಹತ್ತಿರ ಬಂದಿದೆ, ಹೋಗಲೇಬೇಕು. ರಾತ್ರಿಯಿಡೀ ಬಸ್ಸಲ್ಲಿ ಕಾಲು ಮಡಚಿ ಕೂರೋದು ಅವಳಿಂದ ಆಗದು. ರೈಲಲ್ಲಿ ಕೆಳಗಿನ ಬರ್ತ್ ಸಿಗಲಿಲ್ಲ. ಹಾಗಾಗಿ ಮೊದಲ ಸಲ ವಿಮಾನ ನೋಡುತ್ತಿದ್ದೇನೆ.

ಬೆಂಗಳೂರಿಗೆ ಹುಬ್ಬಳ್ಳಿಯಿಂದ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ದಾಬೋಲಿಂನಿಂದ ಸುಮಾರು 480. ಆದರೆ ನಾನು ನೋಡಿದ ಎರಡೂ ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಅಂತಲೇ ಇದೆ. 110 ಕಿ.ಮೀ. ಕಮ್ಮಿಯಾದರೂ ಹೊತ್ತು ಯಾಕೆ ಕಮ್ಮಿ ಆಗಿಲ್ಲ? ಯಾವುದು ಹಿಡಿಯಲಿ?

ಶಿರಸಿ, ಹಳೇ ಪ್ರಯಾಣಿಕ:
ಟಿಕೆಟ್‌ನಲ್ಲಿರೋದು ಗಾಳಿಯಲ್ಲಿರುವ ಹೊತ್ತು ಮಾತ್ರ ಅಲ್ಲ. ವಿಮಾನ ನಿಂತ ಜಾಗದಿಂದ ಹೊರಟು, ಇಳಿದು, ಅಲ್ಲಿ ಮತ್ತೆ ನಿಲ್ಲುವ ತನಕದ್ದು. ಬೆಂಗಳೂರಲ್ಲಿ ಇಳಿದ ಮೇಲೆ ರನ್‌ವೇಯಿಂದ ನಿಲ್ದಾಣದ ತನಕ ಉರುಳೋದಕ್ಕೇ ಎಷ್ಟೋ ನಿಮಿಷ ಬೇಕು. ಎರಡನೇದು, ನೀವು ನೋಡಿದ್ದು ಯಾವ ವಿಮಾನ? ಎಟಿಆರ್ ಆದರೆ ಅದಕ್ಕೆ ರೆಕ್ಕೆ ಮೇಲೆ ಪಂಖ ಇರುತ್ತದೆ, ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಏರ್‌ಬಸ್ 800 ದಾಟುತ್ತದೆ. ಹತ್ತಿರದ ದಾರಿಯಲ್ಲಿ ಏರೋದು, ಇಳಿಯೋದರಲ್ಲೇ ಅರ್ಧ ಹೊತ್ತು ಮುಗಿಯುತ್ತದೆ. ಹಾಗಾಗಿ ವೇಗ ಜಾಸ್ತಿ ಇದ್ದರೂ ಲಾಭ ಅಷ್ಟಿಲ್ಲ.

ನಮಗೆ ಶಿರಸಿಯವರಿಗೆ ಹುಬ್ಬಳ್ಳಿಯೇ ಸರಿ. ಮುಂಡಗೋಡದ ಮೇಲೆ ಸುಮಾರು 100 ಕಿ.ಮೀ., ಘಟ್ಟ ಹತ್ತುವ ಕೆಲಸ ಇಲ್ಲ. ನಿಮ್ಮ ಲೆಕ್ಕ ಬೇರೆ, ಅಲ್ವಾ? ಅಂಕೋಲಾ, ಅರಬೈಲು ಘಟ್ಟ, ಯಲ್ಲಾಪುರ, ಹುಬ್ಬಳ್ಳಿ. 160 ಕಿ.ಮೀ. ಮೇಲೆ. ಆ ತಿರುವುಗಳಲ್ಲಿ ಹೊಸ ಮಂಡಿ ನೋಯದೆ ಇರದು.

ಅಂಕೋಲಾದಿಂದ:
ದಾಬೋಲಿಂ ಹಿಡಿಯಿರಿ. ಕಾಳಿ ಸೇತುವೆ ದಾಟಿ, ಪೋಳೆಂ, ಕಾಣಕೋಣ, ಮಡಗಾಂವ್, ವೆರ್ಣಾ. ಸುಮಾರು 90 ಕಿ.ಮೀ. ಕರ್ಮಲ್ ಘಾಟ್ ಒಂದಿದೆ, ಆದರೆ ಅರಬೈಲಿಗಿಂತ ಚಿಕ್ಕದು. ಟಿಕೆಟ್ ತೆಗೆಯುವಾಗ ‘ಗೋವಾ’ ಅಂತ ನೋಡಿ ಸುಮ್ನೆ ಒತ್ತಬೇಡಿ. 2023ರ ಜನವರಿಯಿಂದ ಗೋವಾದ ಎರಡನೇ ವಿಮಾನ ನಿಲ್ದಾಣ ಮೋಪಾದಿಂದಲೂ ವಿಮಾನ ಹಾರುತ್ತವೆ. ಅದು ಗೋವಾದ ಉತ್ತರದ ತುದಿ, ಝುವಾರಿ, ಮಾಂಡೋವಿ ನದಿ ಎರಡೂ ದಾಟಬೇಕು. ನನ್ನ ಭಾವ ಎರಡನ್ನೂ ಒಂದೇ ಅಂದುಕೊಂಡು ದಾಬೋಲಿಂಗೆ ಹೋಗಿ ನಿಂತಿದ್ದ. ಪಾಪ, ವಿಮಾನ ತಪ್ಪಿತು. ಟಿಕೆಟ್‌ನಲ್ಲಿ ನಿಲ್ದಾಣದ ಕೋಡ್ ನೋಡಿ: ಜಿಓಐ ಅಂದರೆ ದಾಬೋಲಿಂ, ಜಿಓಎಕ್ಸ್ ಅಂದರೆ ಮೋಪಾ.

ಗಾಲಿಕುರ್ಚಿ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಮೆಟ್ಟಿಲು ಹತ್ತಲಾಗದು ಅನ್ನೋದನ್ನೂ ಸೇರಿಸಿ, ಅದು ಬೇರೆ ವ್ಯವಸ್ಥೆ.

ಕೋಡಿಬಾಗದವಳು:
ಇಬ್ಬರಿಗೂ ಧನ್ಯವಾದ. ದಾಬೋಲಿಂ ಟಿಕೆಟ್ ತೆಗೆದೆ, ಮಧ್ಯಾಹ್ನದ ವಿಮಾನ. ಹಳೇ ಕಾಳಿ ಸೇತುವೆ 2024ರ ಆಗಸ್ಟ್‌ನಲ್ಲಿ ಬಿದ್ದ ಮೇಲೆ ನನಗೆ ಆ ದಾರಿಯ ಬಗ್ಗೆ ಭಯ ಉಳಿದಿದೆ. ಅದಕ್ಕೇ ಒಂದು ಗಂಟೆ ಜಾಸ್ತಿ ಇಟ್ಟುಕೊಂಡು ಹೊರಡುತ್ತೇವೆ. ಕಾರಿನ ಮುಂದಿನ ಸೀಟು ಅಮ್ಮನಿಗೆ, ಕಾಲು ಚಾಚಲಿ. ಅವಳಾಗಲೇ ತಂಗಿಗೆ ಅಂಟಿನುಂಡೆ ಕಟ್ಟಿ ಡಬ್ಬಿ ತುಂಬಿಸಿದ್ದಾಳೆ. ಅದನ್ನು ಕೈಚೀಲದಲ್ಲೇ ಒಯ್ಯಬಹುದಲ್ವಾ?

ಅಂಕೋಲಾದಿಂದ:
ಉಂಡೆ ಒಯ್ಯಬಹುದು. ತುಪ್ಪದ ಬಾಟಲಿ ಇದ್ದರೆ ದೊಡ್ಡ ಬ್ಯಾಗಿಗೆ ಹಾಕಿ.