ಮಳೆಗಾಲ, ಬೂಸರು, ಅಸ್ತಮಾ: ನಿಮ್ಮ ಮನೆಯಲ್ಲಿ ಎಂತ ಮಾಡ್ತೀರಿ?

ಪೆರ್ಲದಿಂದ ಪ್ರಶ್ನೆ:
ನಮ್ಮ ಅತ್ತೆಗೆ ಅಸ್ತಮಾ ಹಳೆಯದು. ಬೇಸಿಗೆಯಲ್ಲಿ ಆರಾಮ. ಮಳೆ ಹಿಡಿದು ವಾರ ಬಿಸಿಲು ಕಾಣದಿದ್ದರೆ ಸಾಕು, ರಾತ್ರಿ ಸುಂಯ್ ಸುಂಯ್ ಶುರು. ಕೈಗೆ ಚುಚ್ಚಿ ನೋಡುವ ಟೆಸ್ಟಿನಲ್ಲಿ ಬೂಸರಿನ ಅಲರ್ಜಿ ಅಂತ ಬಂತು. ಇನ್‌ಹೇಲರ್ ಉಂಟು. ನಮ್ಮದು ಹಳೇ ಹೆಂಚಿನ ಮನೆ, ಅಟ್ಟದಲ್ಲಿ ಅಡಿಕೆ, ಹಿಂದೆ ದನದ ಹಟ್ಟಿ. ಅನುಭವ ಇದ್ದವರು ಹೇಳಿ.

ಬದಿಯಡ್ಕ:
ನನಗೇ ಈ ತೊಂದರೆ ಉಂಟು ಅಕ್ಕ. ಗೋಡೆಯ ಕಪ್ಪು ಕಲೆ ಆಮೇಲೆ, ಮೊದಲು ಅಟ್ಟ ನೋಡಿ. ಸರಿ ಒಣಗದ ಅಡಿಕೆ ಗೋಣಿಯಲ್ಲಿ ಕೂತರೆ ಸಿಪ್ಪೆಯ ಮೇಲೆ ಬೂದು-ಹಸಿರು ಹುಡಿ ಹಿಡಿಯುತ್ತದಲ್ಲ, ಗೋಣಿ ಕೊಡವಿದಾಗ ಮುಖಕ್ಕೆ ಏಳುವುದು ಅದೇ. ಆಸ್ಪರ್ಜಿಲಸ್ ಜಾತಿಯ ಬೂಸರಿನ ಕಣ ಎರಡು-ಮೂರು ಮೈಕ್ರಾನ್ ಅಷ್ಟೆ, ಮೂಗಿನಲ್ಲಿ ನಿಲ್ಲದೆ ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಈಗ ನಮ್ಮ ಅಡಿಕೆ ಹೊರಗಿನ ಶೆಡ್ಡಿನಲ್ಲಿ. ಸುಲಿಯುವ ದಿನ ಆ ಕಡೆ ತಲೆ ಹಾಕುವುದಿಲ್ಲ. ಹೋಗಲೇಬೇಕಾದರೆ ಎನ್-95 ಮಾಸ್ಕ್, ಬಟ್ಟೆಯದ್ದು ಸಾಲದು. ಹಟ್ಟಿಯ ಒದ್ದೆ ಬೈಹುಲ್ಲೂ ಹೀಗೆಯೇ, ಅತ್ತೆಯ ಕೈಯಲ್ಲಿ ಎಳೆಸಬೇಡಿ.

ಕುಂಬಳೆ:
ಸಂಜೆ ಲೋಬಾನದ ಹೊಗೆ ಹಾಕಿ. ನಮ್ಮ ಅಜ್ಜಿಯ ಕಾಲದಿಂದ ಮಾಡ್ತಾ ಬಂದದ್ದು.

ಬದಿಯಡ್ಕ:
ಬೇಡ ಮಾರಾಯ್ರೆ! ಅಸ್ತಮಾದವರಿಗೆ ಹೊಗೆಯೇ ಒಂದು ಶತ್ರು.

ಮಂಜೇಶ್ವರ:
ನಮ್ಮದು ಟೆರೇಸ್ ಮನೆ, ಆದರೂ ತಪ್ಪಿದ್ದಲ್ಲ. ಮಗನಿಗೆ ಅಸ್ತಮಾ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಫ್ಯಾನಿನಡಿ ಹರಗುತ್ತಿದ್ದೆವು, ಆ ನೀರೆಲ್ಲ ಅವನು ಉಸಿರಾಡುವ ಗಾಳಿಗೆ. ಕೋಣೆಯ ಗಾಳಿಯ ತೇವಾಂಶ ಶೇಕಡಾ 50ರ ಒಳಗಿರಲಿ ಅನ್ನುತ್ತಾರೆ. ಆಟಿ ತಿಂಗಳ ಜಡಿಮಳೆಯಲ್ಲಿ ನಮ್ಮೂರಲ್ಲಿ ಅದು ಆಗುವ ಮಾತಾ? ಕಿಟಕಿ ಮುಚ್ಚಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಎಳೆಯುವ ಮೆಷಿನ್) ಇಟ್ಟ ಮೇಲೆ 60ರ ಆಸುಪಾಸಿಗೆ ಬಂತು, ಅಷ್ಟಕ್ಕೇ ರಾತ್ರಿಯ ಕೆಮ್ಮು ಎಷ್ಟೋ ಕಡಿಮೆ. ಇಡೀ ಮನೆಗೆ ಬೇಡ, ಮಲಗುವ ಕೋಣೆಗೆ ಸಾಕು. ಕಪಾಟು ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಬೂಸರಿನ ಮೇಲೆ ಪೇಂಟ್ ಹೊಡೆಸಿದರೆ ದುಡ್ಡು ದಂಡ, ನೀರು ಇಳಿಯುವ ಜಾಗವನ್ನೇ ಬೇಸಿಗೆಯಲ್ಲಿ ಸರಿ ಮಾಡಿಸಬೇಕು. ಬ್ಲೀಚಿಂಗ್ ಪುಡಿಯ ವಾಸನೆಗೂ ಉಸಿರು ಕಟ್ಟುತ್ತದೆ. ಸತ್ತ ಬೂಸರೂ ಅಲರ್ಜಿ ಮಾಡುವ ಕಾರಣ ಕೊಂದರೆ ಸಾಲದು, ಸೋಪು ನೀರಲ್ಲಿ ಒರೆಸಿ ತೆಗೆಯಬೇಕು. ಒರೆಸುವುದು ಅತ್ತೆಯಲ್ಲ, ಬೇರೆಯವರು.

ಮುಳ್ಳೇರಿಯ:
ಮನೆ ಚೊಕ್ಕ ಮಾಡಿದ್ದೇವೆ ಅಂತ ದಿನಾ ಎಳೆಯುವ ಇನ್‌ಹೇಲರ್ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಆರಾಮ ಅಂತ ಬಿಟ್ಟು, ಮಳೆಗೆ ದಮ್ಮು ಕಟ್ಟಿದ ಮೇಲೆ ಹುಡುಕುವವರೇ ನಮ್ಮಲ್ಲಿ ಜಾಸ್ತಿ. ಮತ್ತೊಂದು, ಕಫದಲ್ಲಿ ಕಂದು ಬಣ್ಣದ ಗಟ್ಟಿ ತುಣುಕು ಬರುತ್ತದಾ ನೋಡಿ. ನಮ್ಮ ಚಿಕ್ಕಪ್ಪನಿಗೆ ಬರುತ್ತಿತ್ತು. ಮೊದಲು ಕ್ಷಯ ಅಂದುಕೊಂಡದ್ದು, ಕೊನೆಗೆ ಎಬಿಪಿಎ ಅಂತ ಗೊತ್ತಾಯಿತು. ಆಸ್ಪರ್ಜಿಲಸ್ ಶ್ವಾಸನಾಳದಲ್ಲೇ ಬೆಳೆದು, ಅದಕ್ಕೆ ಮೈ ಕೆರಳುವ ರೋಗ. ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿಯಲ್ಲಿ ಏರುವ ಪ್ರತಿಕಾಯ, ಎಷ್ಟಿದೆ ನೋಡುತ್ತಾರೆ, ಎದೆಯ ಸ್ಕ್ಯಾನ್ ಮಾಡುತ್ತಾರೆ. ಸ್ಟೀರಾಯ್ಡ್ ಅಥವಾ ಫಂಗಸ್ (ಬೂಸರು) ಅಡಗಿಸುವ ಮಾತ್ರೆ ತಿಂಗಳುಗಟ್ಟಲೆ ಬೇಕು. ಶ್ವಾಸಕೋಶದ ಡಾಕ್ಟರನ್ನೇ ಕಾಣಿ.

ಪೆರ್ಲ:
ಎಲ್ಲರಿಗೂ ಥ್ಯಾಂಕ್ಸ್. ಕಪಾಟು ಎಳೆದು ನೋಡಿದೆವು, ಹಿಂದಿನ ಗೋಡೆ ಸೊಂಟದವರೆಗೂ ಕಪ್ಪು! ಅಡಿಕೆ ಕೆಳಗಿಳಿಸಲು ಮಾವ ಒಪ್ಪಬೇಕಷ್ಟೆ. ಮಂಜೇಶ್ವರದವರೇ, ಆ ಮೆಷಿನ್ ರಾತ್ರಿಯಿಡೀ ಓಡಿದರೆ ಕರೆಂಟ್ ಬಿಲ್ ಎಷ್ಟು ಏರುತ್ತದೆ?