ಕಾರಿನ ಸ್ಪೀಕರ್ ಬದಲಿಸುವ ಮುನ್ನ: ಬದಲಿಸಿ ನೋಡಿದವರ ಮಾತು

ಪ್ರಶ್ನೆ: ನನ್ನದು ಏಳು ವರ್ಷದ ಕಾರು. ಮುಂದಿನ ಎಡಬಾಗಿಲಿನ ಸ್ಪೀಕರ್ ದನಿ ಸ್ವಲ್ಪ ಏರಿಸಿದರೆ ಸಾಕು, ಹರಿದ ತಮಟೆಯಂತೆ ಬಡಿದುಕೊಳ್ಳುತ್ತದೆ. ನಾಲ್ಕನ್ನೂ ಬದಲಿಸಬೇಕೆಂದಿದ್ದೇನೆ. ಸ್ಟೀರಿಯೊ ಕಾರಿನ ಜೊತೆ ಬಂದದ್ದೇ ಇರಲಿ. ಆಂಪ್ಲಿಫೈಯರ್ ಬೇಕೇ ಬೇಕೆ? ಅನುಭವ ಇದ್ದವರು ಹೇಳಿ.

ಉತ್ತರ 1: ನಾಲ್ಕೂ ಬೇಡ ಸರ್. ಕೇಳುವ ನೀವು ಕೂರುವುದು ಮುಂದೆ. ಹಣವೂ ಮುಂದಿನ ಜೋಡಿಗೇ ಹೋಗಲಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 300 ವ್ಯಾಟ್ ನೋಡಿ ಮರುಳಾಗಬೇಡಿ, ಆರ್‌ಎಂಎಸ್ ಅಂಕಿಯನ್ನು, ಅಂದರೆ ನಿರಂತರವಾಗಿ ತಡೆಯಬಲ್ಲ ವ್ಯಾಟನ್ನು, ಹುಡುಕಿ. ಸ್ಟೀರಿಯೊ ಮೇಲೆ 50×4 ಎಂದಿದ್ದರೂ ಒಂದೊಂದು ಸ್ಪೀಕರಿಗೆ ನಿರಂತರವಾಗಿ ಸಿಗುವುದು ಸಾಮಾನ್ಯವಾಗಿ 15ರಿಂದ 20 ವ್ಯಾಟ್. ಆದ್ದರಿಂದ ಆಂಪ್ಲಿಫೈಯರ್ ಇಲ್ಲದಿದ್ದರೆ ಮುಖ್ಯವಾಗುವುದು ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು. ಅದು 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧದಷ್ಟು ವ್ಯಾಟಿನಲ್ಲೇ ಅಷ್ಟು ದನಿ ಬರುತ್ತದೆ. ನಾನು ಇದನ್ನು ನೋಡದೆ ಭಾರವಾದ, 86 ಡೆಸಿಬೆಲ್‌ನ ಸ್ಪೀಕರ್ ತಂದೆ. ಹಳೆಯದೇ ಜೋರಾಗಿತ್ತು! ಮನೆಯವರ ಮುಂದೆ ಮಾತ್ರ ಹೊಸದನ್ನೇ ಹೊಗಳಿದೆ.

ಉತ್ತರ 2: ಬಾಗಿಲು ಬಿಚ್ಚುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿಡಿ. ಕ್ಲಿಪ್‌ಗಳು ಒಂದೆರಡಾದರೂ ಮುರಿಯುತ್ತವೆ, ಹೆಚ್ಚಿಗೆ ತಂದಿಟ್ಟುಕೊಳ್ಳಿ.

ನಾನು ಮಾಡಿದ ತಪ್ಪು ಕೇಳಿ. ಎರಡೂ ಸ್ಪೀಕರ್ ಕೂರಿಸಿ ಹಾಡು ಹಾಕಿದರೆ ಮೃದಂಗದ ತೊಪ್ಪಿಯ ದನಿಯೇ ಮಾಯ. ಸ್ಪೀಕರೇ ಕಳಪೆ ಎಂದು ಎರಡು ದಿನ ಬೈದುಕೊಂಡೆ. ಆಮೇಲೆ ತಿಳಿಯಿತು, ಒಂದು ಬದಿಯಲ್ಲಿ ಧನ–ಋಣ ಅದಲುಬದಲಾಗಿತ್ತು. ಒಂದು ಸ್ಪೀಕರಿನ ಕೋನ್ (ಅದುರಿ ದನಿ ಹೊರಡಿಸುವ ಬಟ್ಟಲು) ಹೊರಕ್ಕೆ ನೂಕುವಾಗ ಇನ್ನೊಂದು ಒಳಕ್ಕೆ ಎಳೆಯುತ್ತದೆ, ತಗ್ಗಿನ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಧನ ಯಾವುದೆಂದು ತಿಳಿಯಲು ಸ್ಪೀಕರಿನ ತಂತಿಗಳನ್ನು ಸ್ಟೀರಿಯೊದಿಂದ ಬಿಡಿಸಿ, 1.5 ವೋಲ್ಟಿನ ಗಡಿಯಾರದ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ; ಸೆಲ್ಲಿನ ಧನ ತುದಿ ಸ್ಪೀಕರಿನ ಧನಕ್ಕೆ ತಾಗಿದ್ದರೆ ಕೋನ್ ಹೊರಕ್ಕೆ ಜಿಗಿಯುತ್ತದೆ.

ಎರಡನೆಯದು ಬಾಗಿಲು. ಅದು ಸ್ಪೀಕರಿನ ಪೆಟ್ಟಿಗೆಯಿದ್ದಂತೆ. ಒಳತಗಡಿನಲ್ಲಿ ಅಂಗೈ ತೂರುವಷ್ಟು ರಂಧ್ರಗಳಿದ್ದರೆ ಕೋನಿನ ಹಿಂದಿನ ದನಿ ಅಲ್ಲಿಂದ ನುಸುಳಿ ಮುಂದಿನದನ್ನು ಕೊಲ್ಲುತ್ತದೆ. ಬ್ಯುಟೈಲ್ ಹಾಳೆ (ರಬ್ಬರಿನಂಥ ಅಂಟುಹಾಳೆ) ಅಂಟಿಸಿ ಮುಚ್ಚಿ. ಬಾಗಿಲ ತಳದಲ್ಲಿ ಮಳೆನೀರು ಇಳಿಯುವ ಕಿಂಡಿಗಳನ್ನು ಮಾತ್ರ ಮುಟ್ಟಬೇಡಿ. ಸ್ಪೀಕರಿಗೂ ತಗಡಿಗೂ ನಡುವೆ ಇಡುವ ಬಳೆ ಪ್ಲಾಸ್ಟಿಕ್ಕಿನದಿರಲಿ. ನನ್ನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಳೆ ಒಂದೇ ಮಳೆಗಾಲಕ್ಕೆ ನೆನೆದ ರಸ್ಕಿನಂತೆ ಉಬ್ಬಿತು. ಕೊನೆಯ ಸ್ಕ್ರೂ ಬಿಗಿಯುವ ಮುನ್ನ ಗಾಜನ್ನು ಪೂರ್ತಿ ಇಳಿಸಿ ನೋಡಿ, ಮ್ಯಾಗ್ನೆಟ್ಟಿಗೆ ತಾಗಬಾರದು.

ಉತ್ತರ 3: ಟ್ವೀಟರ್, ಅಂದರೆ ಮೇಲಿನ ಸ್ವರಗಳ ಪುಟ್ಟ ಸ್ಪೀಕರ್, ದೊಡ್ಡದರ ನಡುವೆಯೇ ಇರುವ ಕೋಆಕ್ಸಿಯಲ್ ಬೇಡ, ಅದು ಬೇರೆಯಾಗಿ ಬರುವ ಕಾಂಪೊನೆಂಟ್ ತೆಗೆದುಕೊಳ್ಳಿ. ಟ್ವೀಟರ್ ಮೊಣಕಾಲ ಹತ್ತಿರ ಇದ್ದರೆ ಗಾಯಕಿ ಕಾಲಬಳಿ ಕುಳಿತು ಹಾಡಿದಂತಿರುತ್ತದೆ. ಕನ್ನಡಿಯ ಮೂಲೆಗೆ ಏರಿಸಿದಾಗ ದನಿ ಮುಖದೆದುರಿಗೆ ಬಂತು. ಕೆಲಸ ಮಾತ್ರ ದುಪ್ಪಟ್ಟು.

ಉತ್ತರ 4: ಆಂಪ್ಲಿಫೈಯರ್ ಈಗಲೇ ಬೇಡ, ಮೊದಲು ಎರಡು ತಿಂಗಳು ಹೀಗೇ ಕೇಳಿ. ಮುಂದೆ ಹಾಕಿಸಿದರೆ ಬ್ಯಾಟರಿಯಿಂದ ಬರುವ ತಂತಿಗೆ ಫ್ಯೂಸ್ ಇರಲೇಬೇಕು, ಅದೂ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ. ನನ್ನ ಕಾರಿನಲ್ಲಿ ಅದನ್ನು ಆಂಪ್ಲಿಫೈಯರಿನ ಪಕ್ಕ ಹಾಕಿದ್ದರು. ನಡುವಿನ ಅಷ್ಟುದ್ದ ತಂತಿ ಎಲ್ಲಿ ಸವೆದು ತಗಡಿಗೆ ತಾಗಿದರೂ ಬೆಂಕಿಯೇ.

ಪ್ರಶ್ನೆ ಕೇಳಿದವರು: ಭಾನುವಾರ ಎಡಬಾಗಿಲು ಬಿಚ್ಚಿದೆ. ಕೋನಿನ ಅಂಚಿನ ಫೋಮ್ ಬೆರಳು ತಾಗಿದರೆ ಪುಡಿಯಾಗುತ್ತಿದೆ. ಹಿಂದೊಮ್ಮೆ ಗಾಜಿನ ಮೋಟಾರ್ ಬದಲಿಸಿದವರು ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಹಾಗೇ ಬಿಟ್ಟಿದ್ದಾರೆ. ನೀರಿನ ಕಲೆ ಸ್ಪೀಕರಿನವರೆಗೂ ಇಳಿದಿದೆ. ಮ್ಯಾಗ್ನೆಟ್ಟಿನ ಚೀಟಿಯಲ್ಲಿ ವಿದ್ಯುತ್ ತಡೆ 4 ಓಮ್ ಎಂದಿದೆ, ಅಷ್ಟರದ್ದೇ ಒಂದು ಜೋಡಿ ಕೋಆಕ್ಸಿಯಲ್ ತರುತ್ತೇನೆ. ಮೂರನೆಯವರು ಕ್ಷಮಿಸಿ, ಕನ್ನಡಿಯ ಮೂಲೆ ಕೊರೆಯುವ ಧೈರ್ಯ ನನಗಿಲ್ಲ. ಬ್ಯುಟೈಲ್ ಹಾಳೆ ಮಾತ್ರ ಇವತ್ತೇ ತಂದೆ.