ಟೆಂಪ್ಲರರಿಗಿರುವುದು ‘ಅಧಿಕಾರ’ವೋ ‘ಅಪ್ಪಣೆ’ಯೋ?

ನಮಸ್ಕಾರ. ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ನಾನೂ ಡಿಗ್ರಿ ಓದುವ ಅಕ್ಕನ ಮಗನೂ ಸೇರಿ ‘ಡ್ರ್ಯಾಗನ್ ಏಜ್’ ಗೇಮಿನ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ, ಕನ್ನಡ ಮಾಧ್ಯಮದಲ್ಲಿ ಕಲಿತ ಅವನ ಗೆಳೆಯರಿಗಾಗಿ. ‘ರೈಟ್ ಆಫ್ ಅನಲ್‌ಮೆಂಟ್’ (Right of Annulment) ಎಂಬಲ್ಲಿ ಸಿಕ್ಕಿಬಿದ್ದಿದ್ದೇವೆ.

ಆ ಲೋಕದಲ್ಲಿ ಮಾಂತ್ರಿಕರನ್ನು ಚಿಕ್ಕಂದಿನಲ್ಲೇ ಮನೆಯಿಂದ ಕರೆದೊಯ್ದು ‘ಸರ್ಕಲ್’ ಎಂಬ ವ್ಯವಸ್ಥೆಯಲ್ಲಿ, ಗೋಪುರದೊಳಗೆ ಇಡುತ್ತಾರೆ. ಕಾವಲಿಗೆ ಧರ್ಮಪೀಠದ ಸೈನಿಕರಾದ ಟೆಂಪ್ಲರರು. (‘ಮಂತ್ರವಾದಿ’ ಎನ್ನಲಿಲ್ಲ. ನಮ್ಮಲ್ಲಿ ಮಂತ್ರವಾದಿ ಎಂದರೆ ಕರೆದಾಗ ಮನೆಗೆ ಬಂದು ನೂಲು ಕಟ್ಟುವವರು. ಇವರದು ಹುಟ್ಟಿನಿಂದ ಬಂದ ಶಕ್ತಿ.) ಕಾವಲಿಗಿದ್ದಾರೆಂದು ಟೆಂಪ್ಲರರು ಮನಬಂದಂತೆ ಮಾಡುವ ಹಾಗಿಲ್ಲ. 2009ರ ಮೊದಲ ಆಟದಲ್ಲಿ ಜೋವನ್ ಎಂಬ ಹುಡುಗನ ಶಕ್ತಿ, ಭಾವನೆ ಎರಡನ್ನೂ ಕಿತ್ತುಹಾಕುವ ಕಾಗದಕ್ಕೆ ಗೋಪುರದ ಹಿರಿಯ ಇರ್ವಿಂಗನ ರುಜುವೂ ಬೀಳುತ್ತದೆ. ಇನ್ನು ಇಡೀ ಗೋಪುರದವರನ್ನೇ ಕೊಲ್ಲಬೇಕಾದರೆ, ಅದು ಕೈಮೀರಿ ಹೋಗಿದೆ ಎಂದು ಧರ್ಮಪೀಠದ ಹಿರಿಯ ಧರ್ಮಗುರು, ಅಂದರೆ ಗ್ರ್ಯಾಂಡ್ ಕ್ಲೆರಿಕ್, ತೀರ್ಮಾನಿಸಬೇಕು. ಅದೇ ಈ ‘ರೈಟ್’. ಏಳುನೂರು ವರ್ಷಗಳಲ್ಲಿ 17 ಸಲ ನಡೆದಿದೆ ಎಂದು ಆಟದೊಳಗಿನ ಟಿಪ್ಪಣಿ ಹೇಳುತ್ತದೆ.

ಮೊದಲು ‘ನಿರ್ಮೂಲನಾಧಿಕಾರ’ ಎಂದು ಬರೆದೆ. 2011ರ ಎರಡನೇ ಆಟದ ಕೊನೆಯಲ್ಲಿ ಅದು ಕೈಕೊಟ್ಟಿತು. ಕರ್ಕ್‌ವಾಲ್ ನಗರದಲ್ಲಿ ಆಂಡರ್ಸ್ ಎಂಬ ಮಾಂತ್ರಿಕ ಧರ್ಮಪೀಠದ ಕಟ್ಟಡವನ್ನು ಸ್ಫೋಟಿಸುತ್ತಾನೆ; ಗ್ರ್ಯಾಂಡ್ ಕ್ಲೆರಿಕ್ ಎಲ್ತಿನಾ ಸಾಯುತ್ತಾಳೆ. ಆಂಡರ್ಸ್ ಅಲ್ಲಿನ ಗೋಪುರದವನೇ ಅಲ್ಲ. ಆದರೂ ಟೆಂಪ್ಲರರ ದಂಡನಾಯಕಿ ಮೆರೆಡಿತ್ ಗೋಪುರದವರೆಲ್ಲ ಸಾಯಬೇಕೆನ್ನುತ್ತಾಳೆ. ನಾನು ಬರೆದದ್ದನ್ನು ಓದಿ ಅಳಿಯ ಕೇಳಿದ: “ಮಾವ, ಅವಳಿಗೆ ಅಧಿಕಾರ ಉಂಟಲ್ಲ? ಮತ್ತೆ ತಪ್ಪೆಂತ?”

ಎರಡು ದಿನ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ‘ಅಧಿಕಾರ’ ಎಂದೊಡನೆ ಅದು ಹುದ್ದೆಯ ಜತೆಗೇ ಬಂದದ್ದಾಗಿಬಿಡುತ್ತದೆ, ಕೇಳುವವರಿಲ್ಲ. ‘ಅಪ್ಪಣೆ’ಗಾದರೆ ಕೊಡುವವರು ಬೇರೆ ಇರಬೇಕು. ನಮ್ಮ ಕಡೆ ಕೋಲದ ದಿನ ದೈವ ಕಟ್ಟುವವರು ಎಣ್ಣೆಬೂಳ್ಯ ಪಡೆಯುತ್ತಾರೆ. ದೈವದ ಕಥೆ ಹೇಳುವ ಪಾಡ್ದನವೆಲ್ಲ ಬಾಯಿಗೆ ಬರುತ್ತದೆ, ಬೆನ್ನಿಗೆ ಕಟ್ಟುವ ಅಣಿ ಸಿದ್ಧವಿದೆ. ಆದರೂ ಆ ಎಣ್ಣೆ, ಆ ವೀಳ್ಯದೆಲೆ ಕೈಗೆ ಬಂದ ಮೇಲೆಯೇ ಮುಂದಿನದು. ಹೀಗೆ ‘ಅಪ್ಪಣೆ’ ಹಾಕಿ ಮೆರೆಡಿತ್‌ಳ ದೃಶ್ಯವನ್ನು ಮತ್ತೆ ಓದಿದರೆ, ಕೊಡಬೇಕಾದವಳು ಸತ್ತಿದ್ದಾಳೆ ಎಂಬುದು ಆ ಒಂದು ಪದದಿಂದಲೇ ಕಣ್ಣಿಗೆ ಬೀಳುತ್ತದೆ.

‘ನಿರ್ಮೂಲನ’ವನ್ನೂ ಬಿಡುತ್ತೇನೆ, ಅದರಲ್ಲಿ ಆವೇಶ ಹೆಚ್ಚು. ಮೂಲದ ‘ಅನಲ್‌ಮೆಂಟ್’ ಕಚೇರಿಯ ಮಾತು. ರೇಷನ್ ಕಾರ್ಡು ರದ್ದು ಮಾಡಿದಷ್ಟೇ ತಣ್ಣಗೆ ನೂರಾರು ಜನರನ್ನು ಇಲ್ಲವಾಗಿಸುವ ಮಾತು. ಹಾಗಾಗಿ ‘ರದ್ದತಿಯ ಅಪ್ಪಣೆ’.

ಉಳಿದದ್ದು ಕ್ರಿಯಾಪದ. ಗ್ರ್ಯಾಂಡ್ ಕ್ಲೆರಿಕ್ ಸತ್ತ ಮೇಲೆ, ದಂಡನಾಯಕಿಯ ನೆಲೆಯಲ್ಲಿ ಆ ‘ರೈಟ್’ ಅನ್ನು ತಾನೇ ಬಳಸುತ್ತೇನೆ ಎನ್ನುತ್ತಾಳೆ ಮೆರೆಡಿತ್. ಅಧಿಕಾರವನ್ನಾದರೆ ಚಲಾಯಿಸಬಹುದು, ಅಪ್ಪಣೆಯನ್ನು ಚಲಾಯಿಸುತ್ತೇನೆ ಎಂದರೆ ಕನ್ನಡವಾಗುವುದಿಲ್ಲ. ‘ಜಾರಿ ಮಾಡುತ್ತೇನೆ’ ಎಂದರೆ ಬೇರೆಯವರು ಆಗಲೇ ಕೊಟ್ಟಂತಾಯಿತು, ಅಮೀನ ಕೋರ್ಟಿನ ಆರ್ಡರು ಹಿಡಿದು ಬಂದ ಹಾಗೆ. ಇನ್ನೊಬ್ಬರು ಕೊಡಬೇಕಾದ ಅಪ್ಪಣೆಯನ್ನು ತಾನೇ ತನಗೆ ಕೊಟ್ಟುಕೊಳ್ಳುವುದಕ್ಕೆ ಏನೆನ್ನುತ್ತೀರಿ? ಮಂಜೇಶ್ವರ, ಕುಂಬಳೆ ಕಡೆಯ ಹಿರಿಯರ ಬಾಯಲ್ಲಿ ಬಳಕೆಯ ಮಾತು ಇದ್ದರೆ ದಯವಿಟ್ಟು ತಿಳಿಸಿ.